ನೀನೇ ಹೇಳು

ಟೆಲ್ಮೊ ರಾತ್ರಿಯಲ್ಲಿ ಪಿಸುಗುಟ್ಟಿಯೇ ಮಾತಾಡುತ್ತಾನೆ, ಒಬ್ಬನೇ ಇದ್ದರೂ.
ಮೇಜಿನ ಮೇಲೆ ಎರಡು ಲೇಸರು.
ಒಂದರ ಬೆಳಕು ಎಂಬತ್ತು ಕಿಲೋಮೀಟರು ಗಾಜಿನೆಳೆ ದಾಟಿ ಬರಬೇಕು.
ಎಳೆಯೇನೋ ಇಲ್ಲೇ ಇದೆ, ಸುರುಳಿ ಸುತ್ತಿ
ಥರ್ಮಾಕೋಲಿನಲ್ಲಿ ಮಲಗಿಸಿದೆ,
ಆದರೂ ಬೆಳಕಿಗೆ ದಾರಿ ದಾರಿಯೇ.
ಇನ್ನೊಂದು ಈ ಕಡೆಯದು, ಬಂದದ್ದನ್ನು ಎದುರುಗೊಳ್ಳುವುದು.
ಎರಡೂ ಕಣ್ಣಿಗೆ ಕಾಣವು.
ಸೆಕೆಂಡಿಗೆ ನೂರ ತೊಂಬತ್ತಮೂರು ಲಕ್ಷ ಕೋಟಿ ಸಲ
ಏಳುತ್ತವೆ, ಬೀಳುತ್ತವೆ, ಹೆಚ್ಚುಕಡಿಮೆ ಒಂದೇ ಸಮ.
ಆ ಹೆಚ್ಚುಕಡಿಮೆಯೇ ಅವನ ನಿದ್ದೆ ತಿಂದದ್ದು.

ಹಗಲಲ್ಲಿ ಆಗದ ಕೆಲಸ. ಲಿಫ್ಟು, ಪೋರ್ತೊ ಕಡೆಯ ರೈಲು,
ಕಾರಿಡಾರಿನಲ್ಲಿ ಯಾರದೋ ನಗು.
ಎರಡು ಗಂಟೆಗೆ, ಅವೇರೊದ ಉಪ್ಪಿನಾಗರಗಳ ಮೇಲೆ ಗಾಳಿ ಇಳಿದಾಗ
ತೆರೆಯ ಮೇಲಿನ ಗುಡ್ಡ ಸಣ್ಣದಾಗಿ, ಚೂಪಾಗಿ
ಸೂಜಿಯಾಗಿ ನಿಂತಿತು.
ಮೂರೂ ಇಪ್ಪತ್ತಕ್ಕೆ ಕುಸಿಯಿತು.
ನಿನ್ನೆಯೂ ಅದೇ ಹೊತ್ತು. ಮೊನ್ನೆಯೂ.

ಬಾಗಿಲು ತೆರೆದರೆ ನೆಲ ಉಜ್ಜುವ ಯಂತ್ರ,
ಅದರ ಹಿಡಿಗೆ ಆತುಕೊಂಡು ಜುಲ್ಮಿರಾ.
ಬೈಯಬೇಕೆಂದಿದ್ದ. "ಸ್ವಲ್ಪ ನಿಲ್ಲಿಸ್ತೀರಾ" ಎಂದ.
ನಿಲ್ಲಿಸಿದಳು. ಸದ್ದಾದೀತೆಂದು ತಾನಾಗಿಯೇ ಶೂ ಕಳಚಿ
ಕೈಯಲ್ಲಿ ಹಿಡಿದು ಒಳಗೆ ಬಂದಳು.

ಏನು ಮಾಡಿಸ್ತಿದ್ದೀರಿ ಇವುಗಳಿಂದ?

ಹೆಜ್ಜೆ ಕೂಡಿಸ್ತಿದ್ದೇನೆ. ಬಂದ ಬೆಳಕು ಕೂದಲೆಳೆ ಮುಂದಿದ್ದರೆ
ಇದಕ್ಕೆ ಚೂರು ಕರೆಂಟು ಕೊಟ್ಟು ಮುಂದೆ ತಳ್ಳೋದು,
ಹಿಂದಿದ್ದರೆ ಹಿಂದಕ್ಕೆ. ಕಷ್ಟ ಅದಲ್ಲ.
ತಪ್ಪು ತಿಳಿದು ತಿದ್ದುವಷ್ಟರಲ್ಲಿ
ಅದು ಬೇರೆ ತಪ್ಪಾಗಿರುತ್ತೆ. ತಡವಾದರೆ ತಿದ್ದಿದ್ದೇ ತಪ್ಪು.
ಜೋರಾಗಿ ತಿದ್ದಿದರೋ, ಹುಚ್ಚು ಹಿಡಿದಂತೆ ತೂಗಾಡುತ್ತೆ.

ಜುಲ್ಮಿರಾ ನಕ್ಕಳು.
ಭಾನುವಾರ ಮಿಂಡೆಲೊಗೆ ಫೋನು ಮಾಡ್ತೀನಿ, ಅಕ್ಕ ಡುಲ್ಸೆಗೆ.
ನಾನು ಬಾಯಿ ತೆರೆದರೆ ಅವಳೂ ತೆರೀತಾಳೆ,
ಮಾತಿನ ಮೇಲೆ ಮಾತು ಬೀಳುತ್ತೆ.
ಇಬ್ಬರೂ ತಡೀತೀವಿ. ಇಬ್ಬರೂ ಸುಮ್ಮನೆ.
"ನೀನೇ ಹೇಳು" ಅಂತೀನಿ, "ನೀನೇ ಹೇಳು" ಅಂತಾಳೆ,
ಒಟ್ಟಿಗೇ.
ಅಮ್ಮ ಹೋದ ಸುದ್ದಿ ಬಂದದ್ದೂ ಹಾಗೇ,
ನಾನು ಇಲ್ಲಿಯ ಮೀನಿನ ರೇಟು ಹೇಳುವಾಗ ಅಡಿಯಲ್ಲಿ ನುಸುಳಿ.
ರೇಟು ಹೇಳಿ ಮುಗಿಸಿಬಿಟ್ಟಿದ್ದೆ.

ಎಲ್ಲಿ ನೋಡುವುದೆಂದು ತಿಳಿಯದೆ ಟೆಲ್ಮೊ ತೆರೆ ನೋಡಿದ.
ಸೂಜಿ.
ಯಾವಾಗ ಕೂಡಿದವೋ, ಇಬ್ಬರೂ ಕಂಡಿಲ್ಲ.

ಈಗ ಏನು ಹೇಳ್ತಿದೆ ಅದು?

ಏನೂ ಇಲ್ಲ. ವ್ಯತ್ಯಾಸ ಸೊನ್ನೆ. ಇನ್ನು ಮೇಲೆ ಹೇಳಬಹುದು.

ಸೊನ್ನೆಯೆಂದರೆ ನಿಂತಂತಲ್ಲ. ಪಕ್ಕದ ತೆರೆಯಲ್ಲಿ
ತಿದ್ದುವ ವೋಲ್ಟೇಜು ಇರುವೆ ಸಾಲಿನಂತೆ
ಕದಲುತ್ತಲೇ ಇತ್ತು.

ಅರ್ಧ ಕಾರಿಡಾರು ಬಾಕಿ ಇತ್ತು.
ಯಂತ್ರವನ್ನು ಗೋಡೆಗೆ ಒರಗಿಸಿ ಅವಳು ಕೈಯಲ್ಲೇ ಒರೆಸಿದಳು,
ಬಕೆಟ್ಟು ಎಳೆಯದೆ, ಎತ್ತಿ ಎತ್ತಿ ಇಟ್ಟು.

ಟೆಲ್ಮೊ ಲಾಗ್ ಪುಸ್ತಕದಲ್ಲಿ ಬರೆದ: ೩.೪೧ರಿಂದ ೫.೦೨.
"ಕಾರಣ" ಎಂಬ ಕಾಲಮ್ಮಿನಲ್ಲಿ
ಪೆನ್ನು ಕೊಂಚ ಹೊತ್ತು ಊರಿ, ಒಂದು ಚುಕ್ಕೆಯಾಗಿಸಿ,
ಬಿಟ್ಟ.