ನಲವತ್ತೊಂದನೆಯ ಬೆಳಗ್ಗೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮರಳು ಕಾದಾಗ
ಕಾಳು ಬಾಯಿ ಬಿಡುತ್ತದೆ, ಕೆಲವು ಬಿಡುವುದಿಲ್ಲ.
ಯಾವುದು ಅರಳುತ್ತದೆಂದು ಮೊದಲೇ ಹೇಳಿದವರನ್ನು
ನಮ್ಮ ಓಣಿಯಲ್ಲಿ ನಾನು ಕಂಡಿಲ್ಲ.

ಅಪ್ಪ ಹೇಳಿದ್ದು ಅರಳುವ ಮಾತಲ್ಲ, ಉರಿಯುವ ಮಾತು.
ಕಾಣಿಕೆ ಚೀಲ ಇನ್ನೂ ಬೆಂಚಿನಿಂದ ಬೆಂಚಿಗೆ ಹೋಗುತ್ತಿತ್ತು,
ಹೊಟ್ಟಿನ ದೂಳು ಕೂತ ಅಂಗಿಯಲ್ಲೇ ಎದ್ದು ನಿಂತ:
"ನಲವತ್ತು ದಿನ. ಆಮೇಲೆ ಈ ಭಟ್ಟಿ ಸಾಲು ಇರಂಗಿಲ್ಲ."
ಸಭೆಪಾಲಕರು ಕೆಮ್ಮಿದರು.
ಗೀತೆಯ ನಂಬರು ತಪ್ಪಿ ಯಾವುದೋ ಹಾಡಿದೆವು.

ಓಣಿಗೆ ಮಾತ್ರ ಭಯ ಹೊಕ್ಕಿತು.
ದಾದಾಪೀರ್ ಸಾಹೇಬರು ಹೊಟ್ಟಿನ ಚೀಲಗಳನ್ನು
ಒಲೆಯ ಬಾಯಿಂದ ಗೋಡೆಯಾಚೆ ಹೊರಿಸಿದರು.
ಚೌಡಮ್ಮ ತಟ್ಟಿಗೆ ಮಣ್ಣು ಮೆತ್ತಿದಳು.
ಹಳೇ ವೈರು ಹೋಯಿತು, ಬೀಡಿಗೆ ಬೇರೆ ಜಾಗ ಆಯಿತು,
ಡ್ರಮ್ಮು ಡ್ರಮ್ಮು ನೀರು.
ಮೂವತ್ತೊಂಬತ್ತು ಕಳೆಯಿತು. ನಲವತ್ತೂ.
ಮರುದಿನ ಅದೇ ಹೊಗೆ, ಅದೇ ಖಾರ ಮಂಡಕ್ಕಿ, ಮಿರ್ಚಿ.
"ಏನ್ ಸಮಾಧಾನಪ್ಪ, ಬೆಂಕಿಗೆ ಬಸ್ ತಪ್ಪಿತೇನು?"

ಶಾಸ್ತ್ರ ಸ್ಪಷ್ಟವಿತ್ತು: ನುಡಿದದ್ದು ನಡೆಯದಿದ್ದರೆ
ಅದು ದೇವರದಲ್ಲ, ಆ ಮನುಷ್ಯನಿಗೆ ಹೆದರಬೇಕಿಲ್ಲ.
ಹೆದರುವುದಿರಲಿ, ಅವನ ಬೆಂಚಿನಲ್ಲಿ ಯಾರೂ ಕೂರಲಿಲ್ಲ.
ಹನ್ನೊಂದರ ನಾನೂ ಅಮ್ಮನ ಕಡೆ ಸರಿದೆ.

ಅದೇ ವರ್ಷ ಇನ್ನೊಬ್ಬ ಬಂದ, ಬಿಳಿ ಬೂಟಿನವ,
ಅಂದದ್ದೆಲ್ಲ ಆಯಿತು, ತಾರೀಖು ಸಮೇತ:
ರೂತಮ್ಮನಿಗೆ ಗಂಡುಮಗು, ಮಿಲ್ಲಿನ ಬಾಕಿ ಸಂಬಳ.
ಕೊನೆಗೆ ಚೀಟಿ ದುಡ್ಡು ಸಮೇತ ಅವನೂ ಹೋದ.
ಅದಕ್ಕೂ ವಚನವಿದೆಯಂತೆ:
ಗುರುತು ನಿಜವಾದರೂ ಹಿಂದೆ ಹೋಗಬೇಡ,
ತಕ್ಕಡಿಯಲ್ಲಿ ಕೂತಿರುವುದು ನೀನು.

ಈಗ ಭಾನುವಾರದ ಶಾಲೆಯಲ್ಲಿ ಪಾಠ ನನ್ನದು.
ಜೆಸಿಂತಾ ಕೈ ಎತ್ತುತ್ತಾಳೆ:
"ಮಿಸ್, ಮೀನಿನ ಹೊಟ್ಟೆಯಿಂದ ಬಂದವನೂ
ನಲವತ್ತು ದಿನ ಅಂದ. ಆ ಊರು ಬೀಳಲೇ ಇಲ್ಲ.
ಮತ್ತೆ ಅವನ್ಯಾಕೆ ಸುಳ್ಳನಲ್ಲ?"
ಗಡಿಯಾರ ನೋಡಿದೆ. ಇನ್ನೂ ಹತ್ತು ನಿಮಿಷವಿತ್ತು.

ಮನೆಗೆ ಬಂದು ಅಪ್ಪನ ಸತ್ಯವೇದ ತೆಗೆದೆ, ರಟ್ಟಿಗೆ ಹೊಗೆಯ ನಾತ.
ಹೆದರಬೇಕಿಲ್ಲ ಎಂಬ ಆ ಸಾಲಿನ ಪಕ್ಕ ಸೀಸದಕಡ್ಡಿಯ ಬರಹ.
ವಾದವಿರಬಹುದು, ಅಳುವಿರಬಹುದು ಅಂದುಕೊಂಡೆ.
ಇದ್ದದ್ದು ಇಷ್ಟು:
"ಡ್ರಮ್ಮು ೧೪. ದಾದಾಪೀರ್ ೨ ಕೊಟ್ಟ. ಚೌಡಮ್ಮಂದು ಸೋರ್ತೈತಿ."

ಊರು ಉಳಿಯಿತೆಂದು ಮೀನಿನವನು
ಸಿಟ್ಟಾಗಿ ಬಿಸಿಲಲ್ಲಿ ಕೂತನಂತೆ.
ಅಪ್ಪ ಸಿಟ್ಟಾದದ್ದು ನೆನಪಿಲ್ಲ.
ಎಲ್ಲರೂ ನಗುತ್ತಿದ್ದ ಆ ಬೆಳಗ್ಗೆ
ಬಿಸಿ ಮಂಡಕ್ಕಿ ಒಂದು ಹಿಡಿ ಬಾಯಿಗೆ ಹಾಕಿಕೊಂಡ,
ಮುಖ ಒಂಥರಾ ಆಯಿತು. ನಕ್ಕನೋ, ನಾಲಗೆ ಸುಟ್ಟಿತೋ.

ಅವನು ಕೇಳಿಸಿಕೊಂಡದ್ದು ದೇವರನ್ನೋ
ಹಳೇ ವೈರಿನ ಚಿಟಪಟವನ್ನೋ
ನನಗೆ ಗೊತ್ತಿಲ್ಲ. ಜೆಸಿಂತಾಗೂ ಹಾಗೇ ಹೇಳಿದೆ.

ಭಟ್ಟಿ ಸಾಲಿನಲ್ಲಿ ಸಂಜೆ ಈಗಲೂ ಯಾರೋ ಹುಡುಗ
ಪೈಪು ಎಳೆದು ಡ್ರಮ್ಮು ತುಂಬಿಸುತ್ತಿರುತ್ತಾನೆ.
ಯಾಕಪ್ಪಾ ಅಂದರೆ,
"ಯಾರಿಗ್ ಗೊತ್ರೀ. ಮೊದ್ಲಿಂದ ಹಂಗ."