ಮೇಲೆ ಮೂರು, ಕೆಳಗೆ ಮೂರು

ವರುಣದ ಕೆಂಪರಾಜು ಬುಲೆಟ್ಟಿನ ಹೊಟ್ಟೆ ಬಗೆದು
ಗೋಣಿಚೀಲದಲ್ಲಿ ಹೊತ್ತುಕೊಂಡು
ಲಷ್ಕರ್ ಮೊಹಲ್ಲಾಕ್ಕೆ ಬಂದಿದ್ದಾನೆ.
"ಜೆಸಿಂತಕ್ಕಾ, ಸ್ಟ್ರೋಕು ಆರು ಮಿಲಿ ಜಾಸ್ತಿ ಬೇಕು.
ಹಿಂದೆ ಅತ್ತೆ ಕೂತಿದ್ರೂ
ಬೆಟ್ಟದ ನಂದಿ ತಿರುವು ದಾಟೋವರೆಗೆ ಗೇರು ಇಳಿಸಬಾರ್ದು."

ಕೇಳೋದು ಸುಲಭ.
ಕ್ರ್ಯಾಂಕಿನ ಪಿನ್ನನ್ನು ಮೂರು ಮಿಲಿ ಆಚೆ ಸರಿಸಿದರೆ
ಪಿಸ್ಟನ್ ಮೇಲೆ ಮೂರು ಹೆಚ್ಚು ಏರುತ್ತೆ,
ಕೆಳಗೆ ಮೂರು ಹೆಚ್ಚು ಇಳಿಯುತ್ತೆ.
ಕೆಳಗಿನ ಮೂರಕ್ಕೆ ಹೇಗೋ ಜಾಗ ಮಾಡಬಹುದು,
ಸ್ಕರ್ಟಿನ ಅಂಚು ಅರೆದರಾಯಿತು.
ಮೇಲಿನ ಮೂರು ಹೋಗಿ ಗುದ್ದುವುದು ಹೆಡ್ಡಿಗೇ.
ಗಫಾರ್ ಸಾಬರು ಹೇಳುತ್ತಿದ್ದರು,
ಆರಿದ ಬೀಡಿ ತುಟಿಯಲ್ಲೇ ಇಟ್ಟುಕೊಂಡು:
ಲೋಹ ಸಾಲ ಕೊಡುತ್ತೆ ಮಗಾ, ಮನ್ನಾ ಮಾಡಲ್ಲ.

ಮೇಜಿನ ಮೇಲೆ ಹಳೇ ಪೇಪರು. ಪೇಪರಿನ ಮೇಲೆ
ಎರಡು ರಾಡು, ಮೂರು ಪಿಸ್ಟನ್ನು,
ಕೆಂಪರಾಜು ಅರ್ಧ ಕುಡಿದಿಟ್ಟ ಟೀ.

ಗಿಡ್ಡ ರಾಡು ಅಗ್ಗ, ಕೆಲಸವೂ ಕಮ್ಮಿ.
ಆದರೆ ಗಿಡ್ಡ ಕಾಲಿನವನು ಉದ್ದ ಹೆಜ್ಜೆ ಇಟ್ಟ ಹಾಗೆ
ಸುತ್ತು ಸುತ್ತಿಗೂ ಪಕ್ಕಕ್ಕೆ ವಾಲುತ್ತೆ,
ಪಿಸ್ಟನ್ನನ್ನು ಬೋರಿನ ಗೋಡೆಗೆ ಒತ್ತುತ್ತೆ.
ಅಂಥ ಗೋಡೆ ನಾನು ನೋಡಿದ್ದೇನೆ,
ಒಂದೇ ಕಡೆ ಸವೆದದ್ದು,
ಬಾವಿಕಟ್ಟೆಯ ಮೇಲೆ ಹಗ್ಗದ ಗುರುತು.

"ಬ್ಯಾರೆಲ್ಲಿನ ಅಡಿಗೆ ಮೂರು ಮಿಲಿ ತಗಡು ಹಾಕಣ್ವಾ?"
ಹಾಕಣ. ಆಮೇಲೆ ಪುಶ್‌ರಾಡು ಸಾಲಲ್ಲ,
ಸ್ಟಡ್ಡು ಸಾಲಲ್ಲ, ಸೈಲೆನ್ಸರಿನ ಬೆಂಡು ಕೂರಲ್ಲ.
ಒಂದು ಸುಳ್ಳಿಗೆ ಹತ್ತು ಸುಳ್ಳು, ನೆನಪಿಡೋರು ಯಾರು?

ಉಳಿದದ್ದು ಪಿನ್ನಿನ ತೂತು ಮೂರು ಮಿಲಿ ಮೇಲಿರುವ ಪಿಸ್ಟನ್ನು.
ಒಂದು ಎರಕದ್ದು, ಎರಡು ಫೋರ್ಜ್ ಮಾಡಿದ್ದು.
ಎರಕದ್ದು ಸಾಧು. ಸದ್ದಿಲ್ಲ, ಕಾದರೂ ಬಹಳ ಹಿಗ್ಗಲ್ಲ,
ಏಟು ಬಿದ್ದ ದಿನ ಮಾತ್ರ ಮಡಕೆಯಂತೆ ಚೂರು.
ಫೋರ್ಜಿನದು ತಡೆದುಕೊಳ್ಳುತ್ತೆ. ಹಿಗ್ಗುವುದೂ ಜಾಸ್ತಿ,
ಬೋರಿನಲ್ಲಿ ಎಡೆ ಬಿಟ್ಟು ಕೂರಿಸಬೇಕು.
ಧನುರ್ಮಾಸದ ಚಳಿಗೆ ಟಕಟಕ ಅನ್ನುತ್ತೆ, ಇಂಜಿನ್ ಕಾಯೋ ತನಕ.
"ಬೀದಿಯೋರು ಬೈತಾರಕ್ಕ."
ಬೈಯಲಿ ಬಿಡೋ,
ನಿಮ್ಮತ್ತೆ ಸೆರಗು ಸರಿಮಾಡಿಕೊಂಡು ಹತ್ತೋ ಅಷ್ಟು ಹೊತ್ತು.

ಆ ಎರಡರಲ್ಲೂ ಒಂದರ ತೂತು ಎಷ್ಟು ಮೇಲೆಂದರೆ
ಆಯಿಲ್ ರಿಂಗಿನ ತೋಡನ್ನೇ ಕಡಿದಿದೆ. ಅದು ಅತ್ಲಾಗೆ.
ಇನ್ನೊಂದನ್ನೂ ಹಳೆಯದನ್ನೂ ಕರ್ಚೀಫಿನಲ್ಲಿ ಸುತ್ತಿ
ಅಶೋಕ ರಸ್ತೆಯ ವಿಠೋಬ ಶೇಟರ ತಕ್ಕಡಿಗೆ ಒಯ್ದೆ.
ಮೂಗುಬೊಟ್ಟು ತೂಗುವ ತಟ್ಟೆ.
ಮೂವತ್ತೆಂಟು ಗ್ರಾಂ ಹಗುರ.
"ಎಷ್ಟು ಕ್ಯಾರೆಟ್ಟಮ್ಮಾ?" ಅಂದರು, ನಗದೆ.
ಅದರ ಲೆಕ್ಕಕ್ಕೆ ಫ್ಲೈವೀಲನ್ನೂ ಕೊರೆಯಬೇಕು,
ಇಲ್ಲವಾದರೆ ಹ್ಯಾಂಡಲ್ ಹಿಡಿದವನ ಹಲ್ಲು ಅಲ್ಲಾಡುತ್ತೆ.

ಉದ್ದ ರಾಡನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು
ಸ್ಪ್ಯಾನರಿನಲ್ಲಿ ತಟ್ಟಿದೆ. ಬಿರುಕಿದ್ದರೆ ಮೊದ್ದು ದನಿ.
ಇದು ನುಡಿಯಿತು.
ಅದೇ ಹೊತ್ತಿಗೆ ಚರ್ಚಿನ ಆರರ ಗಂಟೆ.
ಯಾವುದು ಯಾವುದೆಂದು ತಿಳಿಯದೆ
ಕೆಂಪರಾಜು ಬಾಗಿಲಾಚೆ ಇಣುಕಿದ.

ಹನ್ನೊಂದು ದಿನ ಆದ ಮೇಲೆ, ರಾತ್ರಿ,
ಚಪಾತಿ ಹಿಟ್ಟಿನ ಚೂರು ಮುರಿದು
ಪಿಸ್ಟನ್ನಿನ ನೆತ್ತಿಗೆ ಅಂಟಿಸಿ, ಎಣ್ಣೆ ಸವರಿ,
ಹೆಡ್ಡು ಬಿಗಿದು ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ.
ಉಸಿರು ಬಿಗಿಹಿಡಿದಿದ್ದು ಗೊತ್ತಾಗಿದ್ದು
ಬಿಟ್ಟ ಮೇಲೆ. ಎಲ್ಲೂ ತಡೆಯಲಿಲ್ಲ.
ಬಿಚ್ಚಿ, ಬ್ಲೇಡಿನಲ್ಲಿ ಕೊಯ್ದು ವರ್ನಿಯರ್ ಇಟ್ಟೆ:
ಒಂದೂಕಾಲು ಮಿಲಿ.
ವಾಲ್ವಿನ ಗುರುತು ಹಿಟ್ಟಿನಲ್ಲಿ ಬಳೆಚೂರಿನ ಹಾಗೆ.

ಗಫಾರ್ ಸಾಬರಿದ್ದಿದ್ದರೆ ಒಂದೂವರೆ ಮಾಡು ಅನ್ನುತ್ತಿದ್ದರು.
ಇನ್ನೊಂದೆಳೆ ದಪ್ಪದ ಗ್ಯಾಸ್ಕೆಟ್ಟು ಹುಡುಕಿದೆ.

ಉಳಿದ ಹಿಟ್ಟನ್ನು ಕೈ ತೊಳೆದು ಲಟ್ಟಿಸಿದೆ,
ಅಂಚೂ ನಡುವೂ ಒಂದೇ ದಪ್ಪ ಬಂತು.
ಕೆಂಪರಾಜು ನಾಲ್ಕು ತಿಂದ,
ಬಾಗಿಲಲ್ಲಿ ನಿಂತು ಬೆಟ್ಟದ ದೀಪಗಳನ್ನು ನೋಡಿದ,
ಇನ್ನೊಂದು ಕೇಳಿದ.