ಎರಡೂ ಎಡಗಾಲು

ಸತ್ತ ಟಿವಿಗಳ ಕಾಲು ಮಾರುವವನು ನಾನು.
ವೂಚ್ ನಗರದ ಬವೂತಿಯಲ್ಲಿ, ಟ್ರಾಂ ತಿರುವಿನ ಹಿಂದೆ,
ತಗಡಿನ ಗ್ಯಾರೇಜು.
ಸಿಡಿಲಿಗೆ ಸುಟ್ಟದ್ದು, ಮಗ ಎಸೆದ ಚೆಂಡಿಗೆ
ಪರದೆ ಜೇಡರ ಬಲೆಯಾದದ್ದು,
ಎಲ್ಲ ಕೊನೆಗೆ ಇಲ್ಲಿಗೇ ಬರುತ್ತವೆ.
ಮೊದಲು ಕಾಲು ಬಿಚ್ಚುತ್ತೇನೆ.
ಕಾಲಿಗೆ ಸಾವಿಲ್ಲ.

ಕೊಳ್ಳುವವರು ಯಾರು ಅಂತೀರಾ?
ಗೋಡೆಯಿಂದ ಇಳಿಸಿದ ಮೇಲೆ, ಕಾಲೆಲ್ಲಿಟ್ಟೆವು ಅಂತ
ಮಂಚದಡಿ, ಬೂಟಿನ ಪೆಟ್ಟಿಗೆಯೆಲ್ಲ ತಡಕಿದವರು,
ಕಡೆಗೆ ಗೋಡೆಗೊರಗಿಸಿ
ಎರಡು ಹಿಟ್ಟಿನ ಪೊಟ್ಟಣ ಆಸರೆ ಕೊಟ್ಟವರು.
ಹಿಂದಿನ ಚೀಟಿಯ ನಂಬರು ಓದಿ, ಅನ್ನುತ್ತೇನೆ ಫೋನಿನಲ್ಲಿ.
ಕನ್ನಡಕ ಹುಡುಕುವ ಸದ್ದು. ಧೂಳಿಗೆ ಸೀನುವ ಸದ್ದು.
ಆಮೇಲೆ, ಜಾತಕ ಓದಿದ ಹಾಗೆ, ಒಂದೊಂದೇ ಅಕ್ಷರ.

ಜನವರಿಯ ಆ ರಾತ್ರಿ ಹೀಟರು ಕೆಟ್ಟಿತ್ತು,
ಬೆರಳು ಮರಗಟ್ಟಿದ್ದವು.
ಒಂದೇ ಮಾದರಿಯ ಎರಡು ಜೊತೆ, ಎರಡು ಪೊಟ್ಟಣ:
ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವ ಯದ್ವಿಗಾಗೊಂದು,
ನಿವೃತ್ತ ಟ್ರಾಂ ಚಾಲಕ ವಿತೋಲ್ದನಿಗೊಂದು.
ಮೂರನೇ ದಿನ ಯದ್ವಿಗಾಳ ಫೋನು:
“ಎರಡೂ ಎಡಗಾಲು ಕಳಿಸಿದ್ದೀಯಲ್ಲ ಮಾರಾಯ!
ಹೊಸ ಮನೆ ಇದು. ಬಲಗಾಲೆಲ್ಲಿ?”
ಅವಳು ಫೋನಿಡುವ ಮೊದಲೇ ಹೊಳೆಯಿತು,
ಇನ್ನೊಂದು ಬೀದಿಯಲ್ಲಿ ಒಬ್ಬ
ಎರಡು ಬಲಗಾಲು ಇಟ್ಟುಕೊಂಡು
ಚಕಾರವೆತ್ತದೆ ಕೂತಿದ್ದಾನೆ.

ಶನಿವಾರ. ನಾಲ್ಕನೇ ಮಹಡಿ, ಲಿಫ್ಟಿಲ್ಲ.
ವಿತೋಲ್ದ್ ಊರುಗೋಲೂರಿ ಬಾಗಿಲು ತೆರೆದ.
ಟಿವಿ ನಿಂತಿತ್ತು, ಸುಳ್ಳೇಕೆ:
ತಿರುಗಾಮುರುಗಾ ಬಿಗಿದ ಒಂದು ಕಾಲು ಮುಂದೆ, ಒಂದು ಹಿಂದೆ,
ಸ್ಕೀ ಕಟ್ಟಿ ಹಿಮದ ಇಳಿಜಾರಿಂದ ಹಾರಿ
ಈಗಷ್ಟೇ ನೆಲ ಮುಟ್ಟಿದವನ ಹಾಗೆ.
“ಅಂಕ ಕೊಡುವುದೇ ಅದಕ್ಕೆ,” ಅಂದ,
“ಕಾಲು ಜೋಡಿಸಿ ಇಳಿದರೆ ಕಳೆಯುತ್ತಾರೆ.”
ಸೊಂಟದ ಆಪರೇಷನ್ನಿನಿಂದೀಚೆಗೆ ಎಡಕ್ಕೇ ಒರಗಿ ಕೂರುವವನು;
ಪರದೆಯೂ ಕೊಂಚ ಎಡಕ್ಕೇ ವಾಲಿ
ಅವನ ಪಾಲಿಗೆ ಲೋಕ ನೆಟ್ಟಗೇ ಇತ್ತು.
ತಪ್ಪೊಪ್ಪಿಕೊಂಡೆ. ತುಸು ಹೊತ್ತು ಸುಮ್ಮನಿದ್ದ.
“ಅವಳಿಗೆ ಬೇಕಲ್ಲ,” ಅಂದು ತಾನೇ ಸ್ಕ್ರೂ ಬಿಚ್ಚಿದ.
ಕುರ್ಚಿಗೊರಗಿದ ಅವನ ಟಿವಿಯನ್ನು
ಒಂಟಿಕಾಲಿನ ತಪಸ್ಸಿಗೆ ಬಿಟ್ಟು ಮೆಟ್ಟಿಲಿಳಿದೆ.

ಯದ್ವಿಗಾ ನನ್ನನ್ನು ಮುಟ್ಟಗೊಡಲಿಲ್ಲ.
ನೆಲಕ್ಕೆ ರಜಾಯಿ ಹಾಸಿ
ಎಣ್ಣೆ ಹಚ್ಚುವ ಕೂಸಿನಂತೆ ಅದನ್ನು ಬೋರಲು ಮಲಗಿಸಿ
ಬಲಗಾಲನ್ನು ಅದರ ಜಾಗದಲ್ಲಿ ಕೂರಿಸಿದಳು.
ಸ್ಕ್ರೂ ಸುತ್ತಿತು, ಸುತ್ತಿತು, ಹಿಡಿಯಲಿಲ್ಲ.
ತೂತಿನೊಳಗಿನ ಎಳೆ ಸವೆದಿತ್ತು.
ನಾನು ಅಂಟಿನ ಟ್ಯೂಬು ಹುಡುಕುವಷ್ಟರಲ್ಲಿ
ರಜಾಯಿಯ ಅಂಚಿಂದ ಒಂದು ನೂಲು ಜಗ್ಗಿ
ಹಲ್ಲಲ್ಲಿ ಕಡಿದು, ಎಂಜಲು ಹಚ್ಚಿ,
ಸ್ಕ್ರೂಗೆ ಮೂರು ಸುತ್ತು ಸುತ್ತಿದಳು.
“ಅಮ್ಮ ಗಿರಣಿಯಲ್ಲಿದ್ದಳು.” ಇಷ್ಟೇ ಅಂದದ್ದು.
ಹಿಡಿಯಿತು.

ಇಬ್ಬರೂ ಉಸಿರು ಬಿಗಿಹಿಡಿದು ಎತ್ತಿ ನಿಲ್ಲಿಸಿದೆವು.
ಒಮ್ಮೆ ನಡುಗಿತು, ನಿಂತಿತು.
ಅವಳು ಮೂಲೆಯನ್ನು ಒಂದು ಬೆರಳಲ್ಲಿ ತಳ್ಳಿ ನೋಡಿದಳು,
ಸುಳ್ಳು ಹೇಳುವ ಹುಡುಗನ ಭುಜ ತಟ್ಟಿದ ಹಾಗೆ.
ಗಾಜಿನ ಲೋಟದಲ್ಲಿ ಚಹಾ ಕೊಟ್ಟಳು. ದುಡ್ಡಿನ ಮಾತು
ಅವಳೂ ಎತ್ತಲಿಲ್ಲ, ನಾನೂ.

ಜೇಬಿನಲ್ಲಿ ಎಡಗಾಲು. ಮತ್ತೆ ಟ್ರಾಂ, ಮತ್ತೆ ನಾಲ್ಕು ಮಹಡಿ.
ವಿತೋಲ್ದನ ಟಿವಿಯೂ ಈಗ ಶಾಲೆಯ ಹುಡುಗನಂತೆ
ಸೆಟೆದು ನಿಂತಿತು. ಅವನು ಕೈಕುಲುಕಿದ,
ಚೆನ್ನಾಗಿದೆ ಅಂದ, ಬಹಳ ಚೆನ್ನಾಗಿದೆ ಅಂದ.

ಸೋಮವಾರ ಫೋನು ಮಾಡಿದ. ಗುಟ್ಟು ಹೇಳುವ ದನಿ:
ಬಲಗಾಲಿನಡಿ ಹಳೆಯ ಟ್ರಾಂ ವೇಳಾಪಟ್ಟಿ
ಎಂಟು ಮಡಿಕೆ ಮಾಡಿ ಇಟ್ಟಿದ್ದಾನಂತೆ.
ಯಾರಿಗೂ ಹೇಳಬೇಡ, ಅಂದ.

ನನ್ನ ಕಾಲುಗಳಿಗೆಲ್ಲ ಈಗ ಸೀಮೆಸುಣ್ಣದ ಗುರುತು.
ಹೀಟರು ಇನ್ನೂ ಕೆಟ್ಟೇ ಇದೆ.